ಬಿಟ್ಟರೂ ಬಿಡದ ಬ್ರೇಕು

ಅಪ್ಪನ ಪದ್ಮಿನಿ ಕಾರಿನ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೋತಾ ಇದ್ದೆ. 1978ರ ಗಾಡಿ, ಮುಂಬೈನ ಕುರ್ಲಾದಲ್ಲಿ ತಯಾರಾದದ್ದು. ಅಸಲಿಗೆ ಅದು ಫಿಯಟ್ 1100ಡಿ, ಹೆಸರು ಮಾತ್ರ ನಮ್ಮದು. ಮುಂಬೈ ರಸ್ತೆಯಿಂದ ಕೊನೇ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಮರೆಯಾಯ್ತು. ನಮ್ಮದು ತೀರ್ಥಹಳ್ಳಿಯಲ್ಲಿ ಇನ್ನೂ ಓಡ್ತಾ ಇದೆ. ಓಡೋದೇನೋ ಸರಿ, ನಿಲ್ಲಬೇಕಲ್ಲ!

ಈ ಸಲ ಸಮಸ್ಯೆ ವಿಚಿತ್ರವಾಗಿತ್ತು. ಬ್ರೇಕ್ ಒತ್ತಿದಾಗ ಕಾರು ಸ್ವಲ್ಪ ಎಡಕ್ಕೆ ವಾಲೋದು, ಕಾಲು ತೆಗೆದ ಮೇಲೆ ಬಲಕ್ಕೆ ಎಳೆಯೋದು. ಬಲಕ್ಕೆ ಅಂದ್ರೆ ಎದುರಿಂದ ಬರೋ ಬಸ್ಸಿನ ಕಡೆಗೆ. ಮುಂದಿನ ವಾರ ಅಪ್ಪ ಅಮ್ಮನನ್ನ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗೋರು. ಬಸ್ಸಲ್ಲಿ ಹೋಗಿ ಅಂದ್ರೆ ಕೇಳೋ ಪೈಕಿ ಅಲ್ಲ.

ಗ್ಯಾರೇಜಿನವರು ಪೆಡಲ್ ಒಂದ್ಸಲ ಒತ್ತಿ ನೋಡಿ "ಮಾಸ್ಟರ್ ಸಿಲಿಂಡರ್ ಹೋಗಿದೆ, ಬದಲಾಯಿಸ್ಬೇಕು" ಅಂದ್ಬಿಟ್ರು. ನನಗ್ಯಾಕೋ ಒಪ್ಪಿಗೆಯಾಗ್ಲಿಲ್ಲ. ಯಾಕಂದ್ರೆ ಈ ಹಳೇ ಬ್ರೇಕುಗಳು ತಮ್ಮ ಕಾಯಿಲೆಯನ್ನ ಕಾಲಿಗೇ ಹೇಳ್ತವೆ ಕಣ್ರೀ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ರೆ ಪೈಪಿನಲ್ಲಿ ಗಾಳಿ ಇದೆ ಅಂತ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳೀತಾ ಹೋಗಿ, ಹೊರಗೆಲ್ಲೂ ಎಣ್ಣೆ ಸೋರದಿದ್ರೆ ಆಗ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಮೇಲೆ ಅನುಮಾನ ಪಡಬೇಕು. ಪೆಡಲ್ ತುಂಬಾ ಕೆಳಗೆ ಹೋಗ್ತಿದ್ರೆ ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಒತ್ತಿ ನೋಡಿ. ಆಗ ಮೇಲೆ ಬಂದ್ರೆ ಹಿಂದಿನ ಶೂಗಳು ಸವೆದು ಡ್ರಮ್ಮಿನಿಂದ ದೂರ ಆಗಿವೆ, ಅಡ್ಜಸ್ಟ್ ಮಾಡಿದ್ರೆ ಸಾಕು. ನಮ್ಮ ಪೆಡಲ್ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಚಕ್ರಗಳ ಹತ್ತಿರ ಕೈ ಹಿಡಿದೆ (ಮುಟ್ಟೋಕೆ ಹೋಗ್ಬೇಡಿ!). ಮೂರು ಬೆಚ್ಚಗಿದ್ವು. ಮುಂದಿನ ಬಲಗಡೆಯದು ದೋಸೆ ಕಾವಲಿ. ಮನೆಗೆ ಬಂದು ಜಾಕ್ ಕೊಟ್ಟು ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಕೈಯಲ್ಲಿ ತಿರುಗಿಸಿದ್ರೆ ಆ ಚಕ್ರ ಅಲ್ಲಾಡಲಿಲ್ಲ. ಆ ಚಕ್ರದ ಬ್ಲೀಡರ್ ನಿಪ್ಪಲನ್ನ ಸ್ವಲ್ಪ ಸಡಿಲಿಸಿದೆ. ಚಿಳ್ ಅಂತ ಎಣ್ಣೆ ಚಿಮ್ಮಿತು, ಚಕ್ರ ಆರಾಮಾಗಿ ತಿರುಗಿತು! ಅಂದ್ರೆ ಶೂ, ಸ್ಪ್ರಿಂಗ್ ಸಿಕ್ಕಿಕೊಂಡಿರಲಿಲ್ಲ. ಒತ್ತಡ ಒಳಗೇ ಸಿಕ್ಕಿಹಾಕಿಕೊಂಡಿತ್ತು. ಈ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಮಾಸ್ಟರ್ ಸಿಲಿಂಡರ್ ಒತ್ತಡ ಬಿಡದಿದ್ರೆ ನಾಲ್ಕೂ ಹಿಡೀಬೇಕಿತ್ತು. ಹಿಡಿದದ್ದು ಒಂದೇ.

ಉಳಿದದ್ದು ಆ ಚಕ್ರಕ್ಕೆ ಹೋಗೋ ರಬ್ಬರ್ ಹೋಸ್. ಹೊರಗಿಂದ ನೋಡಿದ್ರೆ ಏನೂ ಆಗಿರಲಿಲ್ಲ. ಬಿಚ್ಚಿ ಉದ್ದಕ್ಕೆ ಸೀಳಿದ್ರೆ ಒಳಗಿನ ರಬ್ಬರ್ ಊದಿ, ದಾರಿ ಸೂಜಿ ಹೋಗುವಷ್ಟು ಕಿರಿದಾಗಿತ್ತು. ಕಾಲಿನ ಬಲಕ್ಕೆ ಎಣ್ಣೆ ತಡವಾಗಿಯಾದ್ರೂ ಒಳಗೆ ನುಗ್ಗುತ್ತೆ, ಅದಕ್ಕೇ ಮೊದಲು ಎಡಕ್ಕೆ ವಾಲುತ್ತಿದ್ದದ್ದು. ವಾಪಸ್ ತಳ್ಳೋಕೆ ಇರೋದು ಶೂಗಳ ಸ್ಪ್ರಿಂಗ್ ಮಾತ್ರ, ಅದರ ಕೈಲಿ ಆಗ್ತಿರಲಿಲ್ಲ. ಘಾಟಿಯಲ್ಲಾಗಿದ್ರೆ? ಬ್ರೇಕ್ ಎಣ್ಣೆ ತೇವ ಹೀರಿಕೊಳ್ಳುತ್ತೆ. ಹೊಸ ಡಾಟ್ 3 ಎಣ್ಣೆ ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ ಮೇಲೆ 140ಕ್ಕೇ ಕುದೀಬಹುದು. ಆಮೇಲೆ ಪೆಡಲ್ ಒತ್ತಿದ್ರೆ ಆವಿ ಕುಗ್ಗುತ್ತೆ, ಕಾರು ನಿಲ್ಲಲ್ಲ. ಒಂದೇ ಲೈನು ಬೇರೆ.

ಉಳಿದ ಹೋಸುಗಳೂ ಅದೇ ವಯಸ್ಸಿನವು, ಎಲ್ಲವನ್ನೂ ಬದಲಾಯಿಸಿ ಹೊಸ ಎಣ್ಣೆ ತುಂಬಿ ಗಾಳಿ ತೆಗೆದೆ. ಅಂದ ಹಾಗೆ, ಡ್ರಮ್ ಬಿಚ್ಚಿದಾಗ ಧೂಳನ್ನ ಬಾಯಲ್ಲಿ ಊದಬೇಡಿ, ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತೆ.

ಅಪ್ಪ ಶನಿವಾರ ಘಾಟಿ ಇಳಿದ್ರು, ಎರಡನೇ ಗೇರಿನಲ್ಲಿ. ಸೋಮೇಶ್ವರ ತಲುಪಿ ಫೋನ್ ಮಾಡಿದಾಗ ಬ್ರೇಕ್ ಹೇಗಿದೆ ಅಂತ ಕೇಳಿದೆ. "ಬ್ರೇಕಿಗೇನು, ಹಾರ್ನ್ ಕೆಲಸ ಮಾಡ್ತಿಲ್ಲ ನೋಡು" ಅಂದ್ರು :)