ಇನ್ನೊಂದು ಸಲ ಬರೀಲಾ, ಮಾವ?

2024ರ ಜೂನ್ ತಿಂಗಳ ಒಂದು ರಾತ್ರಿ. ಕಾಶಿಯಲ್ಲಿ ಹಗಲು ನಲವತ್ತೈದು ಡಿಗ್ರಿ ಸುಟ್ಟು, ರಾತ್ರಿ ಕರೆಂಟೂ ಹೋಗಿ, ನಾನು ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಬಿದ್ದಿದ್ದೆ. ಹನ್ನೊಂದು ಗಂಟೆಗೆ ಸಾಗರದಿಂದ ಅಕ್ಕನ ಮಗಳ ಫೋನು. ಊರಿನಿಂದ ಆ ಹೊತ್ತಿಗೆ ಫೋನು ಬಂದರೆ ನಮ್ಮಂಥ ದೂರದಲ್ಲಿರುವವರಿಗೆ ಮೊದಲು ಎದೆ ಧಸಕ್ಕೆನ್ನುತ್ತದೆ. ಆಮೇಲೆ ‘ಹಲೋ’ ಅನ್ನುತ್ತೇವೆ.

"ಮಾವ, ಇನ್ನೊಂದ್ಸಲ ನೀಟ್ ಬರೀಲಾ?" ಅಂದಳು.

ಅವಳಿಗೆ ಪಿಯುಸಿಯಲ್ಲಿ ಬಂದದ್ದು ಶೇಕಡಾ 66. ನೀಟ್‌ನಲ್ಲಿ 2023ರಲ್ಲಿ 338, ಈ ಸಲ 436. ಸರ್ಕಾರಿ ಸೀಟಿಗೆ ಅದು ಸಾಲದು. ಅಕ್ಕ ‘ಸಾಕು, ಬಿಎಸ್ಸಿಗೆ ಸೇರು’ ಅಂತಿದ್ದಾಳೆ. ಭಾವ ಏನೂ ಹೇಳುವುದಿಲ್ಲ, ಅವರು ಯಾವತ್ತೂ ಏನೂ ಹೇಳಿದವರಲ್ಲ. ಹಾಗಾಗಿ ಮಾವನ ಸರದಿ. ‘ನಾಳೆ ಹೇಳ್ತೇನೆ’ ಅಂತ ಫೋನು ಇಟ್ಟೆ. ಇಟ್ಟವನಿಗೆ ನಿದ್ರೆ ಬರಲಿಲ್ಲ. ಇದೇ ಪ್ರಶ್ನೆಯನ್ನು ನಾನು ಇದೇ ಊರಿನಲ್ಲಿ ಎರಡು ವರ್ಷ ಹೊತ್ತುಕೊಂಡು ತಿರುಗಿದವನು.

ನಾನು ಪಿಯುಸಿ ಮುಗಿಸಿದ್ದು 2002ರಲ್ಲಿ. ಅಂಕ ಶೇಕಡಾ 63. ಸಿಇಟಿಯಲ್ಲಿ ಐದಂಕಿಯ ರ‍್ಯಾಂಕು. ಒಂದು ವರ್ಷ ಮನೆಯಲ್ಲೇ ಕೂತು ಮತ್ತೆ ಬರೆದೆ, ರ‍್ಯಾಂಕು ಐದಂಕಿಯಲ್ಲೇ ಇತ್ತು, ಮೊದಲ ಅಂಕಿ ಮಾತ್ರ ಸ್ವಲ್ಪ ಚಿಕ್ಕದಾಗಿತ್ತು. ಆ ವರ್ಷದ ಬಗ್ಗೆ ಹೇಳುವಂಥದ್ದೇನಿಲ್ಲ. ಅಡಿಕೆ ಸುಲಿಯಲು ಬಂದವರೆಲ್ಲ ‘ಮಾಣಿ ಎಂತ ಮಾಡ್ತಾ?’ ಅಂತ ಕೇಳುತ್ತಿದ್ದರು, ಅಮ್ಮ ‘ಓದ್ತಾ ಇದ್ದ’ ಅನ್ನುತ್ತಿದ್ದಳು, ಅಷ್ಟೆ. ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರೊಬ್ಬರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದವರು. ‘ಅಲ್ಲಿ ಬಿಎಸ್ಸಿಗೂ ಎಂಟ್ರೆನ್ಸ್ ಇದೆ, ಬರೆದು ನೋಡು. ಅಲ್ಲಿದ್ದುಕೊಂಡೇ ಪಿಎಂಟಿಗೂ ಓದಬಹುದು’ ಅಂದರು. ಆ ಎರಡನೆಯ ವಾಕ್ಯಕ್ಕೇ ಅಪ್ಪ ಒಪ್ಪಿದ್ದು. 2003ರ ಜುಲೈನಲ್ಲಿ ಸಂಘಮಿತ್ರಾ ಎಕ್ಸ್‌ಪ್ರೆಸ್ ಹತ್ತಿ, ಎರಡು ರಾತ್ರಿ ಕಳೆದು, ಮೊಗಲ್‌ಸರಾಯಿಯಲ್ಲಿ ಇಳಿದೆ. ಈಗ ಆ ಸ್ಟೇಷನ್ನಿಗೆ ಬೇರೆ ಹೆಸರು, 2018ರಿಂದ ದೀನದಯಾಳ್ ಉಪಾಧ್ಯಾಯ ಜಂಕ್ಷನ್. ಆಟೋದವರು ಮಾತ್ರ ಇವತ್ತಿಗೂ ಮೊಗಲ್‌ಸರಾಯ್ ಅಂತಲೇ ಕೂಗುತ್ತಾರೆ.

ಕಾಶಿಗೆ ಬರುವ ನಮ್ಮ ಕಡೆಯವರು ನೋಡುವುದು ವಿಶ್ವನಾಥ, ಅನ್ನಪೂರ್ಣೆ, ದಶಾಶ್ವಮೇಧದ ಆರತಿ. ಹೆಚ್ಚೆಂದರೆ ಜಂಗಮವಾಡಿ ಮಠ, ಹನುಮಾನ್ ಘಾಟ್ ಪಕ್ಕದ ಕರ್ನಾಟಕ ಘಾಟ್, ಅಂದರೆ ಹಿಂದಿನ ಮೈಸೂರು ಘಾಟ್. ಅವರು ನೋಡದ ಇನ್ನೊಂದು ಕಾಶಿ ದುರ್ಗಾಕುಂಡದ ಸುತ್ತ ಇದೆ. ಗೋಡೆ ಗೋಡೆಗೆ ಕೋಚಿಂಗ್ ಸೆಂಟರಿನ ಬೋರ್ಡು. ಬಲಿಯಾ, ಗಾಜೀಪುರ, ಬಕ್ಸರ್, ಛಪ್ರಾ ಕಡೆಯ ಹುಡುಗರು ಒಂದೊಂದು ಕೋಣೆಯಲ್ಲಿ ಮೂವರು. ಒಂದು ಸ್ಟೌವ್, ಒಂದು ಬಕೆಟ್, ಗೋಡೆಗೆ ಅಂಟಿಸಿದ ಪೀರಿಯಾಡಿಕ್ ಟೇಬಲ್. ರಾತ್ರಿ ಒಂಬತ್ತಕ್ಕೆ ಎಲ್ಲ ಕೋಣೆಗಳಿಂದ ಒಂದೇ ಸಲಕ್ಕೆ ಕುಕ್ಕರ್ ಸೀಟಿ. ಅನ್ನ, ತರಕಾರಿ, ಅರಿಸಿನ ಎಲ್ಲ ಒಟ್ಟಿಗೆ ಹಾಕಿ ಬೇಯಿಸಿದ ತಹರಿ. ‘ಎಷ್ಟನೇ ಡ್ರಾಪ್?’ ಅಂತ ಅವರು ಒಬ್ಬರನ್ನೊಬ್ಬರು ಕೇಳುವುದು, ನಮ್ಮಲ್ಲಿ ‘ಯಾವೂರಾಯ್ತು?’ ಅಂತ ಕೇಳಿದ ಹಾಗೆ. ಎರಡನೆಯದು, ಮೂರನೆಯದು. ನಾಲ್ಕನೆಯದು ಅಂದವನಿಗೆ ಚಹಾ ಅಂಗಡಿಯಲ್ಲಿ ಬೆಂಚಿನ ಮೇಲೆ ಜಾಗ ಬಿಡುತ್ತಿದ್ದರು.

ನಾನೂ ಸಂಜೆ ಅಲ್ಲಿಗೆ ಹೋಗಿ ಭೌತಶಾಸ್ತ್ರದ ಪಾಠಕ್ಕೆ ಕೂರುತ್ತಿದ್ದೆ. ಹಿಂದಿಯಲ್ಲಿ ಪಾಠ. ಹಿಂದಿ ಆರು ತಿಂಗಳಲ್ಲಿ ಬಂತು. ಭೌತಶಾಸ್ತ್ರ ಬರಲಿಲ್ಲ.

ಆ ದಿನಗಳಲ್ಲಿ ನನಗೊಂದು ಸಮಾಧಾನ ಸಿಕ್ಕಿತ್ತು. ಬಿಎಚ್‌ಯುನಲ್ಲಿ 1960ರಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗ ಅದರ ಮೊದಲ ಪ್ರಿನ್ಸಿಪಾಲರು ನಮ್ಮ ದಕ್ಷಿಣ ಕನ್ನಡದವರು, ಡಾ. ಕಟೀಲು ನರಸಿಂಹ ಉಡುಪ. ಅವರು ಇಲ್ಲೇ ಆಯುರ್ವೇದ ಓದಿ, ಆಮೇಲೆ ಅಮೆರಿಕ, ಕೆನಡಾಗಳಲ್ಲಿ ಸರ್ಜರಿ ಕಲಿತು ಬಂದವರು. 1958ರಲ್ಲಿ ಆಯುರ್ವೇದದ ಸ್ಥಿತಿಗತಿ ನೋಡಲು ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗೂ ಅವರೇ ಅಧ್ಯಕ್ಷರು. 1971ರಲ್ಲಿ ಆ ಕಾಲೇಜೇ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್ ಆಯಿತು. ಈ ವಿಷಯ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಪ್ಪನಿಗೆ ಪತ್ರದಲ್ಲಿ ಬರೆದೆ. ಅಪ್ಪ ಅದನ್ನು ಸೊಸೈಟಿಯಲ್ಲಿ ನಾಲ್ಕು ಜನಕ್ಕೆ ಓದಿ ಹೇಳಿದರಂತೆ. ಉಡುಪರು ಕಟ್ಟಿದ ಕಾಲೇಜಿನಲ್ಲಿ ನನಗೊಂದು ಸೀಟು ಇದ್ದೇ ಇರುತ್ತದೆ ಅನ್ನುವ ಹಾಗೆ ನಾವಿಬ್ಬರೂ ನಡೆದುಕೊಂಡೆವು. ಅವರು ಕನ್ನಡದವರು ಅನ್ನುವುದಕ್ಕೂ ನನ್ನ ಭೌತಶಾಸ್ತ್ರಕ್ಕೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ.

2005ರ ಜನವರಿ. ಎದುರಿಗೆ ಬಂದವನ ಮುಖ ಕಾಣದಷ್ಟು ಮಂಜು. ಮಠದಿಂದ ಹಾಸ್ಟೆಲ್ಲಿಗೆ ಫೋನು ಬಂತು. ಹಾವೇರಿ ಕಡೆಯಿಂದ ಯಾತ್ರೆಗೆ ಬಂದ ಅಜ್ಜಿಯೊಬ್ಬರು ಘಾಟಿನ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಾರೆ, ಸರ್ ಸುಂದರಲಾಲ್ ಆಸ್ಪತ್ರೆಗೆ ಕರೆದೊಯ್ದಿದ್ದಾರೆ, ಜೊತೆಗಿದ್ದವರಿಗೆ ಹಿಂದಿ ಬರುವುದಿಲ್ಲ, ಸ್ವಲ್ಪ ಹೋಗಿ ಬಾ ಅಂತ. ಆಸ್ಪತ್ರೆ ಕ್ಯಾಂಪಸ್ಸಿನೊಳಗೇ ಇದೆ. ಹೋದೆ.

ಅಜ್ಜಿ ಕಂಬಳಿ ಹೊದ್ದು ಮಲಗಿದ್ದರು. ಹಣೆಯ ವಿಭೂತಿ ಇನ್ನೂ ಅಳಿಸಿರಲಿಲ್ಲ. ಜೂನಿಯರ್ ಡಾಕ್ಟರು ‘ಎಲ್ಲಿ ನೋವು ಕೇಳು’ ಅಂದರು. ಕೇಳಿದೆ. "ನೋವಿನ ಮಾತು ಹಂಗಿರಲೋ ತಮ್ಮಾ, ಪಾದ ಜುಮುಜುಮು ಅಂತೈತಿ" ಅಂದರು ಅಜ್ಜಿ. ನಾನು ಮೊದಲು ‘ಕಾಲು ನೋವು ಅಂತಿದ್ದಾರೆ’ ಅಂತ ಹೇಳಿಬಿಟ್ಟೆ. ಹೇಳಿದ ಮೇಲೆ ತಪ್ಪು ಅನ್ನಿಸಿತು. ಜುಮುಜುಮುಗೆ ಹಿಂದಿಯಲ್ಲಿ ಏನನ್ನುತ್ತಾರೆ? ತಲೆ ಕೆರೆದುಕೊಂಡು, ಕೊನೆಗೆ ಕೋಚಿಂಗಿನಲ್ಲಿ ಪಕ್ಕದಲ್ಲಿ ಕೂರುವ ಹುಡುಗ ತುಂಬ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಹೇಳುತ್ತಿದ್ದ ಮಾತು ನೆನಪಾಯಿತು. "ಝುನ್‌ಝುನಿ, ಸರ್. ದರ್ದ್ ನಹೀಂ, ಝುನ್‌ಝುನಿ" ಅಂದೆ. ಡಾಕ್ಟರ ಮುಖ ಬದಲಾಯಿತು. ತಕ್ಷಣ ಪಾದ ಮುಟ್ಟಿ, ಬೆರಳು ಬೆರಳನ್ನೇ ಒತ್ತಿ ‘ಗೊತ್ತಾಗುತ್ತಾ ಕೇಳು, ಬೆರಳು ಆಡಿಸೋಕೆ ಹೇಳು’ ಅಂತ ಪರೀಕ್ಷೆ ಶುರು ಮಾಡಿದರು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಆಗಿ, ಮೂರು ವಾರದ ಮೇಲೆ ಅಜ್ಜಿ ಊರಿಗೆ ಹೋದರು. ಅಷ್ಟೂ ದಿನ ನಾನು ದಿನಕ್ಕೆರಡು ಸಲ ಅಲ್ಲಿದ್ದೆ.

ಒಂದು ರಾತ್ರಿ ಅದೇ ಡಾಕ್ಟರು ಲಂಕಾದ ಚಹಾ ಅಂಗಡಿಯಲ್ಲಿ ಸಿಕ್ಕರು. ‘ಮೆಡಿಕಲ್ಲಾ?’ ಅಂದರು. ಅಲ್ಲ, ಬಿಎಸ್ಸಿ ಅಂದೆ. ಪಿಎಂಟಿ ಫಾರಂ ಕೋಣೆಯಲ್ಲಿದೆ, ತುಂಬಿಲ್ಲ, ಪಿಯುಸಿಯಲ್ಲಿ 63 ಅಂತೆಲ್ಲ ಕೇಳದಿದ್ದರೂ ಹೇಳಿದೆ. ಅವರು ನಕ್ಕರು. ಅವರದು ಇಂಟರ್‌ಮೀಡಿಯೆಟ್‌ನಲ್ಲಿ ಶೇಕಡಾ 58 ಅಂತೆ, ಮೂರು ಡ್ರಾಪ್. "ಶಾಲೆಯ ಮಾರ್ಕ್ಸು ಬಿಡು. 63 ಯಾಕೆ ಬಂತು, ಅದು ಹೇಳು" ಅಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ. ಅಪ್ಪ ಕೇಳಿದ್ದು ‘ಯಾಕೆ ಓದಲಿಲ್ಲ’ ಅಂತ, ಅದು ಬೇರೆ ಪ್ರಶ್ನೆ. ಅವರೇ ಹೇಳಿದರು: ಅವರ ಊರಿನ ಕಾಲೇಜಿನಲ್ಲಿ ಎರಡು ವರ್ಷ ಕೆಮಿಸ್ಟ್ರಿಗೆ ಮೇಷ್ಟ್ರೇ ಇರಲಿಲ್ಲ. ಬನಾರಸಿಗೆ ಬಂದು ಪಾಠ ಕೇಳಿದ ಮೇಲೆ ಪ್ರತಿ ವರ್ಷ ಅಂಕ ಏರಿತು. ಅವರ ಪಕ್ಕದ ಕೋಣೆಯವನಿಗೆ ಇದ್ದ ಮೇಷ್ಟ್ರು, ಇದ್ದ ಪುಸ್ತಕ ಎಲ್ಲ ಒಂದೇ. ಐದು ವರ್ಷವೂ ಅವನ ಅಂಕ ಅಲ್ಲೇ ನಿಂತಿತ್ತು.

ಮರುದಿನದಿಂದ ನಾನು ಕ್ಯಾಂಪಸ್ಸಿನ ಸಯಾಜಿರಾವ್ ಗಾಯಕವಾಡ ಲೈಬ್ರರಿಯ ದೊಡ್ಡ ಓದುವ ಹಾಲಿನಲ್ಲಿ ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸತೊಡಗಿದೆ. ಆರು ವಾರ, ವಾರಕ್ಕೆರಡು. ಜೀವಶಾಸ್ತ್ರದಲ್ಲಿ ನೂರಕ್ಕೆ ಎಂಬತ್ತರ ಮೇಲೆ. ರಸಾಯನಶಾಸ್ತ್ರ ಐವತ್ತರಿಂದ ಅರವತ್ತೈದಕ್ಕೆ ಬಂತು. ಭೌತಶಾಸ್ತ್ರ 31, 28, 34, 30. ಗ್ರಾಫ್ ಹಾಳೆಯಲ್ಲಿ ಹಾಕಿದರೆ ಗಂಗೆಯ ಆಚೆ ದಡದ ಮರಳಿನ ಹಾಗೆ ಚಪ್ಪಟೆ. ಪಿಯುಸಿಯಲ್ಲಿ ಗೈಡು ಉರುಹೊಡೆದು ತೆಗೆದ ಅಂಕ ಅದು ಅನ್ನುವುದು ಗೊತ್ತಾಯಿತು. ಉರು ತೆಗೆದ ಮೇಲೆ ಕೆಳಗೆ ಏನೂ ಇರಲಿಲ್ಲ.

ಆದರೂ ಫಾರಂ ತುಂಬಿದೆ. ಬುದ್ಧಿ ಬಂತು ಅಂತ ಮನುಷ್ಯ ಆಸೆ ಬಿಡುತ್ತಾನೆಯೇ? ಬಿಎಚ್‌ಯು ಆಗ ತನ್ನದೇ ಪಿಎಂಟಿ ನಡೆಸುತ್ತಿತ್ತು. ಬರೆದೆ. ಪಟ್ಟಿಯಲ್ಲಿ ಹೆಸರಿರಲಿಲ್ಲ.

ನಿಜವಾದ ಕಷ್ಟ ಬಂದದ್ದು ಮುಂದಿನ ವರ್ಷ. ಬಿಎಸ್ಸಿ ಮುಗಿಯುತ್ತಿತ್ತು. ಅಪ್ಪ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಒಂದು ಖಾಸಗಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ವಿಚಾರಿಸಿದ್ದೇನೆ, ಕೆಳಗಿನ ತೋಟ ಕೊಟ್ಟರೆ ಆಗುತ್ತದೆ, ಗಿರಾಕಿಯೂ ಇದ್ದಾರೆ ಅಂದರು. ಕೆಳಗಿನ ತೋಟ ಅಂದರೆ ಒಂದೆಕರೆ. ಇದ್ದದ್ದೇ ಎರಡು. ಅದು ಅಜ್ಜ ಹೊಳೆಯಂಚಿನ ಜೌಗನ್ನು ಕಡಿದು ಮಾಡಿದ್ದು. ‘ಬೇಡ ಅಪ್ಪ’ ಅಂದೆ. ಯಾಕೆ ಅಂದರು. ಮೊದಲ ವರ್ಷದಲ್ಲೇ ಫೇಲಾದರೆ ತೋಟ ವಾಪಸ್ ಬರುವುದಿಲ್ಲ ಅಂತ ಹೇಳಬೇಕಿತ್ತು. ನಾನು ಹೇಳಿದ್ದು ‘ನನಗೆ ಡಾಕ್ಟರಾಗುವ ಮನಸ್ಸಿಲ್ಲ’ ಅಂತ. ಅದು ಸುಳ್ಳು. ಬೂತಿನ ಮೀಟರ್ ಓಡುತ್ತಿತ್ತು, ಆ ಕಡೆ ಅಪ್ಪ ಸುಮ್ಮನಿದ್ದರು. ಆಮೇಲೆ ‘ಸರಿ’ ಅಂತ ಇಟ್ಟರು. ದೀಪಾವಳಿಯವರೆಗೆ ಅವರು ನನ್ನ ಹತ್ತಿರ ಮಾತಾಡಲಿಲ್ಲ. ಅಮ್ಮ ಫೋನಿನಲ್ಲಿ ‘ಅಪ್ಪ ತೋಟಕ್ಕೆ ಹೋಗಿದ್ದ’ ಅನ್ನುತ್ತಿದ್ದಳು. ರಾತ್ರಿ ಎಂಟು ಗಂಟೆಗೆ.

ನಾನು ಎಂಎಸ್ಸಿ ಮಾಡಿದೆ, ಇಲ್ಲೇ ಪ್ರಾಣಿಶಾಸ್ತ್ರ ಪಾಠ ಹೇಳುತ್ತ ಉಳಿದೆ. ಅಪ್ಪ 2014ರಲ್ಲಿ ಹೋದರು. ರಾತ್ರಿ ಎದೆನೋವು ಬಂದು, ಸಾಗರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹದಿಮೂರನೆಯ ದಿನ ಊಟಕ್ಕೆ ಬಂದ ನೆಂಟರೊಬ್ಬರು ಕೈತೊಳೆಯುತ್ತ, ‘ಮಗ ಡಾಕ್ಟರಾಗಿದ್ದರೆ’ ಅಂದರು. ಡಾಕ್ಟರಾಗಿದ್ದರೂ ನಾನು ಆ ರಾತ್ರಿ ಎಲ್ಲೋ ದೂರದ ಊರಿನಲ್ಲೇ ಇರುತ್ತಿದ್ದೆನೇನೋ. ಆದರೂ ಆ ಮಾತು ಹೋಗಿಲ್ಲ. ಅಪ್ಪನ ಬೂದಿಯನ್ನು ನಾನೇ ಕಾಶಿಗೆ ತಂದೆ. ತೋಟ ಇನ್ನೂ ಇದೆ. ಅಕ್ಕ, ಭಾವ ನೋಡಿಕೊಳ್ಳುತ್ತಾರೆ, ಅವರ ಜೀವನ ಅದರಲ್ಲೇ.

ಇದನ್ನೆಲ್ಲ ಹುಡುಗಿಗೆ ಹೇಳುವುದು ಹೇಗೆ? ಬೆಳಿಗ್ಗೆ ಫೋನು ಮಾಡಿ ಲೆಕ್ಕದ ಮಾತಷ್ಟೇ ಆಡಿದೆ. ಪಿಯುಸಿಯ 66ಕ್ಕೆ ಹೆದರಬೇಡ. ಸಾಮಾನ್ಯ ವರ್ಗಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಸೇರಿ 50 ಇದ್ದರೆ ಸಾಕು, ನಮ್ಮ ಕಾಲದ 1997ರ ನಿಯಮದಲ್ಲೂ ಅಷ್ಟೇ ಇತ್ತು. ಅಲ್ಲಿಂದ ಮುಂದೆ ನೀಟ್ ಅಂಕ ಮಾತ್ರ. ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದಿದ್ದಾರೆ, ಇಷ್ಟೇ ಸಲ ಅಂತ ಇಲ್ಲ. ಮಿತಿ ಇಲ್ಲದಿರುವುದೇ ಒಂದು ತೊಂದರೆ, ನಿಲ್ಲಿಸು ಅಂತ ಹೇಳುವವರು ಯಾರೂ ಇಲ್ಲ. ಆ ವರ್ಷ ಬರೆದವರು ಇಪ್ಪತ್ತಮೂರು ಲಕ್ಷಕ್ಕೂ ಮಿಕ್ಕಿ, ಎಂಬಿಬಿಎಸ್ ಸೀಟು ಒಂದು ಲಕ್ಷದ ಮೇಲೆ ಸ್ವಲ್ಪ, ಅದರಲ್ಲಿ ಸರ್ಕಾರಿ ಸುಮಾರು ಅರ್ಧ. ಮೇಲಿಂದ ಪ್ರಶ್ನೆಪತ್ರಿಕೆ ಸೋರಿದ ಗಲಾಟೆ ಬೇರೆ, ಮರುಪರೀಕ್ಷೆ ಆಗುತ್ತದೆ ಅಂತ ಕಾಯುತ್ತ ಕೂರಬೇಡ ಅಂದೆ. (ಜುಲೈನಲ್ಲಿ ಸುಪ್ರೀಂ ಕೋರ್ಟು ಬೇಡ ಅಂದಿತು.)

"ಅದಿರಲಿ, 436ನ್ನು ಬಿಡಿಸಿ ಹೇಳು" ಅಂದೆ.

"ಬಯಾಲಜಿ 262. ಕೆಮಿಸ್ಟ್ರಿ 88. ಫಿಸಿಕ್ಸ್ 86."

"ಹೋದ ವರ್ಷ ಫಿಸಿಕ್ಸು?"

"ನಲವತ್ತೊಂದು, ಮಾವ." ದನಿ ಸಣ್ಣದಾಯಿತು.

ಅವಳಿಗೆ ನಾಚಿಕೆ. ನನಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ. ನಲವತ್ತೊಂದು ಎಂಬತ್ತಾರಾಗಿದೆ. "ಇನ್ನೊಂದು ಸಲ ಬರಿ. ಆದರೆ ಬಿಎಸ್ಸಿಗೆ ಸೇರಿಕೊಂಡು ಬರಿ, ಮನೆಯಲ್ಲಿ ಕೂತು ಬೇಡ. ಡಿಸೆಂಬರಿನ ಹೊತ್ತಿಗೆ ಅಂಕ ನಿಂತಲ್ಲೇ ನಿಂತಿದ್ದರೆ ನನಗೆ ಹೇಳು, ಅಮ್ಮನಿಗಲ್ಲ" ಅಂದೆ. ಅಕ್ಕ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು.

ದಸರಾ ರಜೆಗೆ ಇಬ್ಬರೂ ಕಾಶಿಗೆ ಬಂದರು. ಅಕ್ಕ ಕೇದಾರ ಘಾಟಿನಲ್ಲಿ ಮುಳುಗಿ ಬರುವವರೆಗೆ ಹುಡುಗಿ ಮೆಟ್ಟಿಲ ಮೇಲೆ ಕೂತು ಪುಸ್ತಕ ತೆಗೆದಳು. "ಮಾವ, ಇದೊಂದು ಹೇಳಿಕೊಡಿ." ಇಳಿಜಾರಿನ ಮೇಲೆ ಉರುಳುವ ಗುಂಡಿನ ಲೆಕ್ಕ. ನಾನು ಪೆನ್ನು ತೆಗೆದುಕೊಂಡು ಚಿತ್ರ ಬರೆದೆ, ಬಾಣ ಹಾಕಿದೆ, ಇನ್ನೊಂದು ಬಾಣ ಹಾಕಿದೆ. ದೋಣಿಯವನೊಬ್ಬ ಆಚೆ ದಡಕ್ಕೆ ಹೋಗಿ ವಾಪಸ್ ಬಂದ. ಅವಳು ಸ್ವಲ್ಪ ಹೊತ್ತು ನೋಡಿ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ನನ್ನ ಎರಡನೆಯ ಬಾಣವನ್ನು ಹೊಡೆದುಹಾಕಿ ತಿರುಗಿಸಿ ಹಾಕಿದಳು.