ಆರೈಕೆ ಮಾಡುವವಳಿಗೂ ಆರೈಕೆ ಬೇಕು

ರೋಗಿಯ ಶುಶ್ರೂಷೆಯು ಮಹತ್ತರ ಪುಣ್ಯಕಾರ್ಯವೆಂಬುದರಲ್ಲಿ ನಮ್ಮಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಅದನ್ನೇ ವೃತ್ತಿಯಾಗಿ ಸ್ವೀಕರಿಸಿದ ನಮ್ಮ ಮನೆಯ ಹೆಣ್ಣುಮಗಳು ದಣಿದು ಕುಸಿದಾಗ ನಾವು ಅವಳಿಗೆ ಏನು ನೀಡುತ್ತೇವೆ ಎಂದು ಚಿಂತಿಸುವವರು ವಿರಳ.

ಪುತ್ತೂರು, ಸುಳ್ಯ, ಕಡಬದ ನಮ್ಮ ಹೆಣ್ಣುಮಕ್ಕಳು ಇಂದು ನರ್ಸಿಂಗ್ ಕಲಿಯುತ್ತಿದ್ದಾರೆ. ನನ್ನಲ್ಲಿ ಮದ್ರಸ ಶಿಕ್ಷಣ ಪಡೆದ ಒಬ್ಬಾಕೆ ಇತ್ತೀಚೆಗೆ ದೀರ್ಘಕಾಲದ ರೋಗಿಗಳ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ನಳಿಕೆಯ ಮೂಲಕ ಆಹಾರ ಕೊಡಬೇಕು, ಮೈ ಶುಚಿಗೊಳಿಸಬೇಕು, ಎಲ್ಲವನ್ನೂ ದಾಖಲಿಸಬೇಕು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಕರೆ.

“ಉಸ್ತಾದ್, ಅಲ್ಲಿ ಹೆಚ್ಚಿನವರು ಗುಣವಾಗಿ ಮನೆಗೆ ಹೋಗುವುದೇ ಇಲ್ಲ. ಉಮ್ಮನಲ್ಲಿ ಹೇಳಿದರೆ ಸಬ್ರ್ ಮಾಡು ಅನ್ನುತ್ತಾರೆ. ನನ್ನ ಈಮಾನಿನಲ್ಲೇ ಕೊರತೆಯಿದೆಯೇ?” ಎಂದು ಆಕೆ ಕೇಳಿದಳು.

ಇಲ್ಲ ಎಂದೆ. ಕಲಿಕೆಗೂ ವಾರ್ಡಿಗೂ ನಡುವಿನ ಅಂತರ ಕಂಡು ಹೊಸ ದಾದಿಯರು ತತ್ತರಿಸುವುದನ್ನು ಅಮೆರಿಕದ ಮಾರ್ಲಿನ್ ಕ್ರೇಮರ್ 1974ರಲ್ಲೇ ಒಂದು ಗ್ರಂಥವಾಗಿ ಬರೆದಿದ್ದಾರೆ. ಇದು ಒಬ್ಬಳ ದೌರ್ಬಲ್ಯವಲ್ಲ. ಅಲ್ಲದೆ ಇಂತಹ ವಾರ್ಡಿನಲ್ಲಿ ಸೇವೆಯ ಅಳತೆಗೋಲೇ ಬೇರೆ. ಇಂದು ಹುಣ್ಣಾಗಲಿಲ್ಲ, ಎರಡು ತುತ್ತು ಇಳಿಯಿತು, ನೋವು ತುಸು ತಗ್ಗಿತು ಎಂಬುದೇ ಅಲ್ಲಿಯ ಫಲ.

ಈ ಶ್ರಮ ನಮ್ಮ ನೆಲಕ್ಕೆ ಅಪರಿಚಿತವೂ ಅಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ತಾಯಂದಿರು ದಶಕಗಳ ಕಾಲ ಸಲಹಿದ್ದಾರೆ. ಸುಪ್ರೀಂ ಕೋರ್ಟ್ ಆ ವಿಷವನ್ನು 2011ರಲ್ಲಿ ನಿಷೇಧಿಸಿತು. ತಾಯಂದಿರ ಕೆಲಸ ಮಾತ್ರ ನಿಲ್ಲಲಿಲ್ಲ. ಕಡಬ ತಾಲೂಕಿನ ಕೊಯಿಲದಲ್ಲೂ ನೆರೆಯ ಕೊಕ್ಕಡದಲ್ಲೂ ಪಾಲನಾ ಕೇಂದ್ರಗಳು ತೆರೆದಾಗ ಮಕ್ಕಳಿಗೆ ಆರೈಕೆ ದೊರೆಯಿತು, ಜೊತೆಗೆ ತಾಯಿಗೂ ಹಗಲಿನ ಕೆಲವು ಗಂಟೆಗಳ ಬಿಡುವು ದೊರೆಯಿತು. ಎಂತಹ ವಾತ್ಸಲ್ಯವಿದ್ದರೂ ಒಬ್ಬರೇ ಹೊರಲಾಗದ ಭಾರವಿದು.

ಹಝ್ರತ್ ಅಬುದ್ದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್‌ನಲ್ಲಿ ಕಳೆಯುತ್ತಿದ್ದಾಗ ಹಝ್ರತ್ ಸಲ್ಮಾನ್ ಫಾರಿಸಿ(ರ) ಅವರನ್ನು ಮಲಗಲು ಒತ್ತಾಯಿಸಿದರು. ಪ್ರಭುವಿನಂತೆ ನಿಮ್ಮ ಮೇಲೆ ನಿಮ್ಮ ಶರೀರಕ್ಕೂ ಮನೆಯವರಿಗೂ ಹಕ್ಕಿದೆಯೆಂದು ತಿಳಿಹೇಳಿದರು. ಪ್ರವಾದಿ(ಸ)ರು ಸಲ್ಮಾನರ ಮಾತನ್ನೇ ಅನುಮೋದಿಸಿದರು. ಆರಾಧನೆಯಲ್ಲೇ ಶರೀರದ ಹಕ್ಕನ್ನು ಮರೆಯಬಾರದೆಂದಾದರೆ ಉದ್ಯೋಗದಲ್ಲಿ ಮರೆಯಬಹುದೇ? ಸಬ್ರ್ ಎಂದರೆ ಬಾಯಿ ಮುಚ್ಚಿ ಸಹಿಸುವುದಲ್ಲ. ಯಾವ ಕೆಲಸ ಮೊದಲು, ಯಾವುದು ಕಾಯಬಹುದು ಎಂದು ಹಿರಿಯ ದಾದಿಯಲ್ಲಿ ಕೇಳುವುದೂ, ಕೈಮೀರಿದಾಗ ಆಗುತ್ತಿಲ್ಲವೆಂದು ಸಕಾಲದಲ್ಲಿ ಹೇಳುವುದೂ ಸಬ್ರ್‌ಗೆ ವಿರುದ್ಧವಲ್ಲ. ಅದರಲ್ಲಿ ರೋಗಿಯ ಸುರಕ್ಷೆಯೂ ಅಡಗಿದೆ.

ಉಳಿದ ಹೊಣೆ ಮನೆಯವರದು. ರಾತ್ರಿ ಪಾಳಿ ಮುಗಿಸಿ ಬಂದವಳನ್ನು ಅಡುಗೆಮನೆಗೆ ಕರೆಯಬೇಡಿ, ಅವಳ ಕೋಣೆಯ ಬಾಗಿಲು ಮುಚ್ಚಿ ನಿದ್ರಿಸಲು ಬಿಡಿ. ಬಸ್‌ಸ್ಟ್ಯಾಂಡಿನಿಂದ ಕರೆತರಲು ಸಹೋದರನು ಹೋಗಲಿ. ಅತ್ತರೆ ಉಪದೇಶಕ್ಕಿಂತ ಮೊದಲು ಆಲಿಸಿ. ವಾರಗಟ್ಟಲೆ ನಿದ್ರೆ ಬಾರದಿದ್ದರೆ ಸಂಕೋಚಪಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಖಂದಕ್ ಯುದ್ಧದ ಗಾಯಾಳುವಾದ ಸಅದ್ ಬಿನ್ ಮುಆದ್(ರ)ರನ್ನು ರುಫೈದಾ(ರ)ರ ಶುಶ್ರೂಷೆಗೆ ಒಪ್ಪಿಸಿದಾಗ ಡೇರೆಯಿದ್ದದ್ದು ಪ್ರವಾದಿ(ಸ)ರ ಮಸೀದಿಯ ಆವರಣದಲ್ಲಿ, ಸಮುದಾಯದ ನಟ್ಟನಡುವೆ. ಪ್ರವಾದಿ(ಸ)ರು ಅಲ್ಲಿಗೆ ಬಂದು ರೋಗಿಯ ಕ್ಷೇಮ ವಿಚಾರಿಸುತ್ತಿದ್ದರು. ನಮ್ಮ ಮನೆಗಳ ದಾದಿಯರನ್ನೂ ವಾರ್ಡಿನಲ್ಲಿ ಏಕಾಂಗಿಯಾಗಿಸದ ಸದ್ಬುದ್ಧಿಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ.