ಹದಿನೆಂಟು ಮುಹೂರ್ತದ ರಾತ್ರಿ

ಜೈಸಲ್ಮೇರದ ಮರಳಿನಲ್ಲಿ ಒಂಟೆಯೇರಿ ಹೋಗಿ ಒಂದು ರಾತ್ರಿ ಕಳೆಯಬೇಕೆಂಬುದು ನಮ್ಮ ಮೂವರ ಎರಡು ವರ್ಷಗಳ ಸಂಕಲ್ಪವಾಗಿತ್ತು. ಯಾದಗಿರಿಯ ಇಂಜಿನಿಯರ್ ಮಿತ್ರರಿಗೆ ಒಂಟೆಯ ಮೋಹ. ಸುರಪುರದ ನಿವೃತ್ತ ಭೂಗೋಳ ಅಧ್ಯಾಪಕರಿಗೆ ಮರಳುದಿಬ್ಬಗಳ ಮೋಹ. ನನಗೆ ಅಲ್ಲಿನ ಕೋಟೆಯೊಳಗಿರುವ ಜಿನಭದ್ರಸೂರಿ ಜ್ಞಾನಭಂಡಾರದ ತಾಡವೋಲೆಗಳನ್ನು ಕಣ್ಣಾರೆ ಕಾಣುವ ಆಸೆ. ಕೊನೆಗೆ ಅಧ್ಯಾಪಕರ ಮೊಣಕಾಲು ಒಪ್ಪಲಿಲ್ಲ, ಟಿಕೆಟ್ ರದ್ದಾಯಿತು. "ಒಂಟಿ ಇಲ್ದಿದ್ರ ಏನಾತ್ರಿ ಪಂಡಿತರ, ರಾತ್ರಿ ಅಂತೂ ನಮ್ಮಲ್ಲೂ ಅದ ಅಲ್ರಿ" ಎಂದವರು ಅವರೇ. ಹಾಗೆ ಡಿಸೆಂಬರ್ 21ರ ಸಂಜೆ ಶಹಾಪುರದ ಸಮೀಪದ ವಿಭೂತಿಹಳ್ಳಿಯ ಕಲ್ಲುಸಾಲುಗಳಿಗೆ ತಗಲಿದ ಹೊಲವೊಂದರಲ್ಲಿ, ಅವರ ಹಳೆಯ ಶಿಷ್ಯನ ಗುಡಿಸಲಿನ ಮುಂದೆ, ಕೌದಿ ಹಾಸಿದೆವು.

ಈ ಕಲ್ಲುಗಳನ್ನು ನೋಡಿದವರಿಗೆ ಮೊದಲು ನಿರಾಸೆಯೇ ಆಗುತ್ತದೆ. ಕೆತ್ತನೆಯಿಲ್ಲ, ಶಾಸನವಿಲ್ಲ, ಬೆಟ್ಟದಿಂದ ಉರುಳಿಸಿ ತಂದ ಗುಂಡುಗಳು. ಕೊಂಚ ಹೊತ್ತು ನಡೆದಾಡಿದ ಮೇಲೆ ಅವು ಸಾಲುಗಳಾಗಿ, ಓರೆಸಾಲುಗಳಾಗಿ ಇಟ್ಟವೆಂಬುದು ತಿಳಿಯುತ್ತದೆ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಇವನ್ನು ವರ್ಣಿಸಿದ್ದಾನೆ. ಎಫ್. ಆರ್. ಆಲ್ಚಿನ್ 1956ರಲ್ಲಿ ದಕ್ಷಿಣ ಹೈದರಾಬಾದಿನ ಕಲ್ಲುಸಾಲುಗಳ ಮೇಲೆ ಬರೆದನು. ಖಗೋಳಶಾಸ್ತ್ರಜ್ಞ ಎನ್. ಕಾಮೇಶ್ವರ ರಾವ್ ಅವರು 2005ರ ತಮ್ಮ ಲೇಖನದಲ್ಲಿ ವಿಭೂತಿಹಳ್ಳಿ, ಹನಮಸಾಗರಗಳ ಸಾಲುಗಳಿಂದ ಸೂರ್ಯನ ಉದಯಾಸ್ತಗಳ ದಿಕ್ಕನ್ನು ಗುರುತಿಸಿರಬಹುದೆಂಬ ವಿಚಾರವನ್ನು ಮಂಡಿಸಿದ್ದಾರೆ. ಅಯನ ಸಂಧಿಯ ದಿನವನ್ನೇ ನಾವು ಆರಿಸಿಕೊಂಡದ್ದು ಅದಕ್ಕಾಗಿ.

ಆದರೆ ನನಗೆ ಬೇರೊಂದು ಕೆಲಸವಿತ್ತು. ಅದನ್ನು ಮಿತ್ರರಿಗೆ ಹೇಳಿರಲಿಲ್ಲ.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ 'ತ್ರಿಲೋಕಸಾರ'ದ ಜ್ಯೋತಿರ್ಲೋಕಾಧಿಕಾರವನ್ನು ನಾನು ಬಹಳ ವರ್ಷ ಪಾಠ ಹೇಳಿದ್ದೇನೆ. ಜಂಬೂದ್ವೀಪಕ್ಕೆ ಇಬ್ಬರು ಸೂರ್ಯರು, ಇಬ್ಬರು ಚಂದ್ರರು. ಇಂದು ನಮಗೆ ಕಂಡ ಸೂರ್ಯ ನಾಳೆಯವನಲ್ಲ. ಸೂರ್ಯನಿಗೆ 184 ವೀಥಿಗಳು. ಒಳವೀಥಿಯಿಂದ ಹೊರವೀಥಿಗೆ 183 ದಿನಗಳ ನಡೆ, ಮರಳಲು ಅಷ್ಟೇ. ಒಳವೀಥಿಯಲ್ಲಿದ್ದಾಗ ಹಗಲು 18 ಮುಹೂರ್ತ, ರಾತ್ರಿ 12. ಹೊರವೀಥಿಯಲ್ಲಿ ಇದು ತಿರುವುಮುರುವು. ಮುಹೂರ್ತವೆಂದರೆ 48 ನಿಮಿಷ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು, "ಹಂಗಾದ್ರ ಚಳಿಗಾಲದ ಹಗಲು ಒಂಬತ್ತೂವರಿ ತಾಸು ಆಗ್ತದ ಸರ್, ನಮ್ಮೂರಾಗ ಹಂಗ ಇಲ್ಲಲ್ರಿ" ಎಂದಳು. ಗ್ರಂಥದಲ್ಲಿದ್ದುದನ್ನು ಮೊದಲು ಸರಿಯಾಗಿ ಓದು ಎಂದು ಕೂಡಿಸಿದೆ. ತರಗತಿ ನಕ್ಕಿತು. ಆಕೆ ಮತ್ತೆ ಪ್ರಶ್ನೆ ಕೇಳಲಿಲ್ಲ.

ಅನಸ್ತಮಿತ ವ್ರತದವನಾದ ನನಗೆ ಮುಹೂರ್ತವು ಪುಸ್ತಕದ ಅಳತೆ ಮಾತ್ರವಲ್ಲ. ಅಸ್ತಮಯಕ್ಕೆ ಎರಡು ಘಳಿಗೆ ಮೊದಲು ಊಟ ಮುಗಿಯಬೇಕು, ಉದಯದ ಎರಡು ಘಳಿಗೆಯ ಮೇಲೆ ಬಾಯಿಗೆ ನೀರು. ಎರಡು ಘಳಿಗೆಯೇ ಒಂದು ಮುಹೂರ್ತ. ದಿನಕ್ಕೆರಡು ಸಲ ಗಡಿಯಾರ ನೋಡುವ ಮನುಷ್ಯನು ಆ ಎರಡರ ನಡುವಣ ಅಂತರವನ್ನು ಒಮ್ಮೆಯೂ ಕೂಡಿಸಿ ನೋಡಲಿಲ್ಲವಲ್ಲ!

ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಪುಂಡಿ ಪಲ್ಯ. ನನ್ನ ಸಲುವಾಗಿ ಮಿತ್ರರೂ ಐದಕ್ಕೇ ಉಂಡರು. ಎಂಟಕ್ಕೆ ಅವರು ಮತ್ತೆ ಉಂಡದ್ದು ಬೇರೆ ಮಾತು. 5 ಗಂಟೆ 53 ನಿಮಿಷಕ್ಕೆ ಸೂರ್ಯ ಮುಳುಗಿದನು. ಬರೆದುಕೊಂಡೆ.

ರಾತ್ರಿ ಚಳಿ ಹೆಚ್ಚಿತು. ಜೋಳದ ತೆನೆಗಳ ಸಪ್ಪಳ, ದೂರದ ರಸ್ತೆಯಲ್ಲಿ ಹತ್ತಿ ಹೇರಿದ ಲಾರಿಗಳ ಸದ್ದು. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಬೆಟ್ಟ ಕತ್ತಲಲ್ಲಿ ಬರಿಯ ಬೆಟ್ಟವಾಯಿತು. ನಿದ್ದೆ ಬಾರದಾಗ ನನ್ನ ಗುಟ್ಟನ್ನು ಹೇಳಿಬಿಟ್ಟೆ. ಅಧ್ಯಾಪಕರು ಎದ್ದು ಕುಳಿತು, ಬ್ಯಾಟರಿ ಬೆಳಕಿನಲ್ಲಿ ಲೆಕ್ಕ ಹಾಕಿದರು. ಹಗಲಿರುಳುಗಳ ಹೆಚ್ಚುಕಡಿಮೆ 3:2 ಆಗಬೇಕಾದರೆ ಸುಮಾರು 35 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಹೋಗಬೇಕು, ನಾವು 17ರ ಆಸುಪಾಸಿನಲ್ಲಿದ್ದೇವೆ ಎಂದರು. ವೇದಾಂಗ ಜ್ಯೋತಿಷದಲ್ಲಿಯೂ ಇದೇ ಪ್ರಮಾಣವಿರುವುದನ್ನು ನಾನು ನೆನಪಿಸಿದೆ. "ಜೈಸಲ್ಮೇರಕ್ಕ ಹೋಗಿದ್ರ ನಿಮಗ ಇನ್ನೊಂದು ಮುಹೂರ್ತ ಸಿಗ್ತಿತ್ತು ನೋಡ್ರಿ" ಎಂದು ಇಂಜಿನಿಯರರು ಕೌದಿಯೊಳಗಿನಿಂದಲೇ ನಕ್ಕರು. ಅಲ್ಲಿಗೂ ರಾತ್ರಿ 17 ಮುಹೂರ್ತದ ಹತ್ತಿರ ಬರುತ್ತದೆ, 18 ಅಲ್ಲ.

ನನ್ನನ್ನು ಕಾಡಿದ್ದು ಬೇರೆ. ನೇಮಿಚಂದ್ರರು ಹತ್ತನೆಯ ಶತಮಾನದವರು, ಚಾವುಂಡರಾಯನ ಗುರುಗಳು. ಬೆಳ್ಗೊಳದ ಆಕಾಶವನ್ನು ಕಂಡವರು. ಅಲ್ಲಿ ವ್ಯತ್ಯಾಸ ನಮ್ಮಲ್ಲಿಗಿಂತಲೂ ಕಡಿಮೆ. ರಾತ್ರಿಭೋಜನ ತ್ಯಾಗಿಗಳಾದ ಮುನಿಗಳಿಗೆ ಹಗಲಿನ ಅಳತೆ ತಿಳಿಯದಿರಲು ಸಾಧ್ಯವೇ? ತಿಳಿದೂ ಪರಂಪರೆಯ ಸಂಖ್ಯೆಯನ್ನೇ ಉಳಿಸಿದರೆಂದು ನನ್ನ ಊಹೆ. ತಿಲೋಯಪಣ್ಣತ್ತಿಯಿಂದ ಬಂದ ಲೆಕ್ಕದ ಆ ಕಟ್ಟಡದಲ್ಲಿ ಒಂದು ಕಲ್ಲು ಕಿತ್ತರೆ 184 ವೀಥಿಗಳ ಲೆಕ್ಕವೂ ಅಲುಗುತ್ತದೆ. ಅವರಿಗೆ ಆ ಕಟ್ಟಡವನ್ನು ಕಾಯುವ ಹೊಣೆಯಿತ್ತು. ನನಗೆ ಯಾವ ಹೊಣೆಯೂ ಇರಲಿಲ್ಲ. ಇದ್ದುದು ಆಲಸ್ಯ, ಮೇಲೆ ಗುರುವಿನ ಠೀವಿ.

ಬೆಳಗಿನ ಜಾವ ಮೂವರೂ ಕಲ್ಲುಗಳ ಬಳಿ ನಿಂತೆವು. 6 ಗಂಟೆ 49 ನಿಮಿಷಕ್ಕೆ ದಿಬ್ಬದ ಮೇಲೆ ಅಂಚು ಕಾಣಿಸಿತು. ಇಂಜಿನಿಯರರು ಒಂದು ಓರೆಸಾಲಿನ ತುದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು "ಬಂತು, ಬಂತು" ಎಂದು ಕೂಗಿದರು. ನಾನು ಮೂರು ಹೆಜ್ಜೆ ಪಕ್ಕಕ್ಕೆ ಸರಿದೆ. ಅಲ್ಲಿಂದ ಇನ್ನೊಂದು ಸಾಲಿಗೂ ಸೂರ್ಯ ಹೊಂದಿದನು. ನಡುವೆ ಎಷ್ಟೋ ಕಲ್ಲುಗಳು ಸ್ಥಳ ಬಿಟ್ಟಿವೆ. ಇಷ್ಟೊಂದು ಸಾಲುಗಳಿರುವೆಡೆ ಒಂದಲ್ಲ ಒಂದು ಹೊಂದಿಯೇ ಹೊಂದುತ್ತದೆ. ಒಂದು ಮುಂಜಾನೆಯಿಂದ ಏನನ್ನೂ ಹೇಳಲಾಗದು.

ರಾತ್ರಿ 12 ಗಂಟೆ 56 ನಿಮಿಷ. ದಿಬ್ಬದ ಮರೆಯನ್ನು ಬಿಟ್ಟರೂ ಹದಿನಾರು ಮುಹೂರ್ತಕ್ಕೆ ತುಸು ಹೆಚ್ಚು.

ಮಿತ್ರರು ಚಹಾ ಕಾಸಿಕೊಂಡರು. ನಾನು ಎರಡು ಘಳಿಗೆ ಕಾದು, 7 ಗಂಟೆ 37 ನಿಮಿಷಕ್ಕೆ ಕಾಸಿ ಸೋಸಿದ ನೀರು ಕುಡಿದೆ. ಮನೆಗೆ ಮರಳಿ ನನ್ನ 'ತ್ರಿಲೋಕಸಾರ'ದ ಪ್ರತಿಯ ಅಂಚಿನಲ್ಲಿ, ಆ ಗಾಹೆಯ ಪಕ್ಕ, ಪೆನ್ಸಿಲಿನಿಂದ "ವಿಭೂತಿಹಳ್ಳಿ, 16" ಎಂದು ಬರೆದು ಕೆಳಗೆ ಆ ವಿದ್ಯಾರ್ಥಿನಿಯ ಹೆಸರನ್ನು ಬರೆದೆ. ಈಗ ಆಕೆ ಸಿಂಧನೂರಿನ ಕಡೆ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆಂದು ಕೇಳಿದ್ದೇನೆ. ವಿಳಾಸಕ್ಕಾಗಿ ಅವಳ ಸಹಪಾಠಿಯೊಬ್ಬನಿಗೆ ಕಾಗದ ಹಾಕಿದ್ದೇನೆ.